ಮಡಿಕೆಗೆ ನಾಲ್ಕು ಇಂಚು

ಫೆಬ್ರವರಿ 3

ಲಿಫ್ಟಮ್ಮನಿಗೆ,

ನಾನು ಚೆನ್ನಾಗಿದ್ದೇನೆ, ಹೊಲಿಗೆ ಮಷೀನಿಗೆ ಮಾತ್ರ ಸ್ವಲ್ಪ ಕೆಮ್ಮು. ನೀನು ರಿಪೇರಿ ಮಾಡಿ ಮೇಲೆ ಕಳಿಸಿದ ಲಿಫ್ಟುಗಳೆಲ್ಲ ಕೆಳಗೂ ಬರುತ್ತಿವೆ ಎಂದುಕೊಂಡಿದ್ದೇನೆ.

ವಿಷಯ ನಿನಗೆ ಗೊತ್ತಿರುವುದೇ. ಹದಿನೆಂಟು ವರ್ಷದಿಂದ ನಾನು ಬಾಡಿಗೆಗಿರುವ ಈ ಮನೆಯನ್ನು ಜೂನ್ ಕೊನೆಗೆ ಬಿಟ್ಟುಕೊಡಿ ಎಂದು ಯಜಮಾನರು ಹೇಳಿದ್ದಾರೆ. ನೀನು ಅಲ್ಲಿ ಒಂದೇ ಕೋಣೆಯಲ್ಲಿ ಹಾಸಿಗೆ ಮಡಿಸಿ ಮೇಜು ಹಾಕುತ್ತೀಯ, ಮೇಜು ಮಡಿಸಿ ಹಾಸಿಗೆ ಹಾಸುತ್ತೀಯ. ನನ್ನ ಉಳಿತಾಯ, ನಿನ್ನ ಸಂಬಳದ ಮೇಲಿನ ಸಾಲ ಎರಡನ್ನೂ ಸೇರಿಸಿ ಒಂದು ಮನೆ ಕೊಳ್ಳೋಣ ಎಂದು ಒಪ್ಪಿಯಾಯಿತು. ನನ್ನ ಮಗ ನಿನ್ನನ್ನು ಬಿಟ್ಟು ಆರು ವರ್ಷವಾದರೂ ನಾವಿಬ್ಬರು ಒಬ್ಬರನ್ನೊಬ್ಬರು ಬಿಟ್ಟಿಲ್ಲ, ಬಿಡುವ ಲಕ್ಷಣವೂ ಕಾಣುತ್ತಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ. ಹೊಳೆಯ ಈ ದಡದ ನಮ್ಮೂರೋ, ಆ ದಡದ ನಿಮ್ಮೂರೋ?

ಫೋನಿನಲ್ಲಿ ಇದು ತೀರ್ಮಾನವಾಗುವ ಮಾತಲ್ಲ. ಮೂರು ಸಲ ಮಾತಾಡಿದೆವು, ಮೂರು ಸಲವೂ ನನ್ನ ಮಂಡಿನೋವಿನ ವಿಷಯಕ್ಕೆ ತಿರುಗಿ ಮುಗಿಯಿತು. ಅದಕ್ಕೇ ಕಾಗದ. ನೀನು ನಿಮ್ಮೂರಿನ ಮನೆಗಳನ್ನು ನೋಡು, ನಾನು ನಮ್ಮೂರಿನವನ್ನು ನೋಡುತ್ತೇನೆ. ದುಡ್ಡು ಎರಡೂ ಕಡೆ ಅಷ್ಟೇ. ಅದೇ ದುಡ್ಡಿಗೆ ಯಾವ ಊರಿನಲ್ಲಿ ಏನು ಸಿಗುತ್ತದೆ ಎಂದು ಅಳೆದು ಬರೆಯಬೇಕು. ಬೆಣ್ಣೆ ಹಚ್ಚುವಂತಿಲ್ಲ, ಮುಚ್ಚಿಡುವಂತಿಲ್ಲ.

ಬ್ಯಾಂಕಿನ ಗಡುವು ಮೇ 31. ಅಷ್ಟರೊಳಗೆ ಮನೆ ಗೊತ್ತಾಗದಿದ್ದರೆ ಸಾಲದ ಒಪ್ಪಿಗೆ ರದ್ದಾಗುತ್ತದೆ. ಆಮೇಲೆ ನಾನು ಮಗನ ಮನೆಯ ಬಾಗಿಲು ತಟ್ಟಬೇಕು, ನೀನು ಮೇಜು ಮಡಿಸುತ್ತಲೇ ಇರಬೇಕು. ಎರಡೂ ನನಗೆ ಬೇಡ.

ನಿನ್ನ ಮಾಜಿ ಅತ್ತೆ

(ಪತ್ರಿಕೆಯವರು ಮಾಜಿ ಮಂತ್ರಿ, ಮಾಜಿ ಅಧ್ಯಕ್ಷ ಎಂದು ಬರೆಯುತ್ತಾರಲ್ಲ. ನನಗೂ ಒಂದು ಪದವಿ ಇರಲಿ.)


ಫೆಬ್ರವರಿ 11

ಅತ್ತೆ,

ನಿಯಮಗಳು ಒಪ್ಪಿಗೆ. ಈ ವಾರ ಐದು ಮನೆ ನೋಡಿದೆ. ನಾಲ್ಕನ್ನು ಬಾಗಿಲಲ್ಲೇ ಬಿಟ್ಟೆ. ಐದನೆಯದರ ಬಗ್ಗೆ ಬರೆಯುತ್ತೇನೆ.

ನಾಲ್ಕನೇ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ. ಹೊರಕೋಣೆ 11 ಅಡಿ 6 ಇಂಚು, ಒಳಕೋಣೆ 9 ಅಡಿ 2 ಇಂಚು, ಅಡುಗೆಮನೆ 7 ಅಡಿ. ಬಾಲ್ಕನಿ ಇದೆ ಎಂದು ಮಾರುವವರು ಹೇಳಿದರು. ಅದರ ಮೇಲೆ ನಿಂತರೆ ಬಾಗಿಲು ಮುಚ್ಚಲು ಆಗುವುದಿಲ್ಲ. ಗೋಡೆ ಒಣಗಿದೆ. ನಲ್ಲಿಯಲ್ಲಿ ನೀರಿನ ರಭಸ ಚೆನ್ನಾಗಿದೆ. ನಿಮ್ಮ ಮಷೀನಿಗೆ ಒಳಕೋಣೆಯ ಬಲಮೂಲೆ ಸರಿಹೋಗುತ್ತದೆ, ಬೆಳಕು ಎಡಗಡೆಯಿಂದ ಬೀಳುತ್ತದೆ.

ಲಿಫ್ಟ್ ಇದೆ. ಇಪ್ಪತ್ತೆರಡು ವರ್ಷ ಹಳೆಯದು, ನಮ್ಮ ಕಂಪನಿಯದಲ್ಲ. ಹಗ್ಗ, ಬ್ರೇಕು ಎರಡೂ ಗಟ್ಟಿ. ನಾಲ್ಕನೇ ಮಹಡಿಯಲ್ಲಿ ಮಾತ್ರ ನೆಲಕ್ಕಿಂತ ಎರಡು ಬೆರಳು ಮೇಲೆ ನಿಲ್ಲುತ್ತದೆ, ಅದು ಅರ್ಧ ಗಂಟೆಯ ಕೆಲಸ. ನಿಮ್ಮ ಮಂಡಿಗೆ ಇದು ದೊಡ್ಡ ಲಾಭ.

ದೋಷಗಳು: ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಬಸ್ ನಿಲ್ದಾಣ. ಸದ್ದು. ಮೇಲಿನ ಮನೆಯವರು ಕುರ್ಚಿಯನ್ನು ಎತ್ತುವುದಿಲ್ಲ, ಎಳೆಯುತ್ತಾರೆ. ಮಾರುವ ಹೆಂಗಸನ್ನು ಈ ಬಗ್ಗೆ ಕೇಳಿದೆ. "ಒಂದು ತಿಂಗಳಲ್ಲಿ ಕೇಳ್ಸೋದೇ ಇಲ್ಲ" ಎಂದರು. "ಯಾಕೆ, ಅವ್ರು ನಿಲ್ಲಿಸ್ತಾರಾ?" ಎಂದೆ. "ಇಲ್ಲಮ್ಮ, ನಿಮ್ಗೇ ಕಿವಿ ಒಗ್ಗುತ್ತೆ" ಎಂದರು. ಆ ಪ್ರಾಮಾಣಿಕತೆಗೆ ಒಂದು ಅಂಕ ಕೊಟ್ಟೆ.

ಅದೇ ದುಡ್ಡಿಗೆ ನಿಮ್ಮ ಕಡೆ ಏನು ಸಿಗುತ್ತದೆ ಎಂಬ ಕುತೂಹಲ ನನಗೆ. ಹೊಳೆ ದಾಟಿದರೆ ಎಲ್ಲವೂ ಅಗ್ಗ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಯಾರೂ ದಾಟಿ ನೋಡಿಲ್ಲ.

ಲಿಫ್ಟಮ್ಮ


ಫೆಬ್ರವರಿ 20

ಲಿಫ್ಟಮ್ಮ,

ನಿನ್ನ ಕಾಗದ ಓದಿ ಮನೆ ನೋಡಿದ ಹಾಗಾಗಲಿಲ್ಲ, ಡಾಕ್ಟರ ಚೀಟಿ ಓದಿದ ಹಾಗಾಯಿತು. ಇರಲಿ. ಈಗ ನಮ್ಮೂರಿನ ಸರದಿ.

ಕೂತುಕೊಂಡು ಓದು. ಅದೇ ದುಡ್ಡಿಗೆ ಇಲ್ಲಿ ಕೋಣೆ ಎರಡಲ್ಲ, ಮೂರು! ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು. ಮೊದಲು ಹಜಾರ, 14 ಅಡಿ 4 ಇಂಚು. ನಡುಕೋಣೆ 10 ಅಡಿ 10 ಇಂಚು. ಕೊನೆಗೆ ಅಡುಗೆಮನೆ 8 ಅಡಿ 1 ಇಂಚು. ಹಜಾರದ ಪಕ್ಕಕ್ಕೆ ಅಂಟಿಕೊಂಡು ಮೂರನೆಯ ಪುಟ್ಟ ಕೋಣೆ, ಅಲ್ಲಿ ನೀನು ನಿನ್ನ ಸ್ಪ್ಯಾನರುಗಳನ್ನು ಹರಡಿಕೊಂಡು ಕೂರಬಹುದು, ನಾನು ಕಾಲಿಗೆ ಚುಚ್ಚಿಸಿಕೊಂಡು ಬೈಯುವುದಿಲ್ಲ. ಕೆಳಗೆ ಮುಚ್ಚಿರುವ ಪೇಪರಂಗಡಿ, ಮೇಲೆ ನಮ್ಮ ಮನೆ. ಹದಿನಾಲ್ಕು ಮೆಟ್ಟಿಲು. ಲಿಫ್ಟ್ ಇಲ್ಲ, ಆದರೆ ಹದಿನಾಲ್ಕು ಮೆಟ್ಟಿಲಿಗೆ ಲಿಫ್ಟ್ ಕೇಳುವವರು ಲಿಫ್ಟಿನವರು ಮಾತ್ರ.

ಅಡುಗೆಮನೆಯ ಕಿಟಕಿ ಮೂರಡಿ ಅಗಲ, ನಾಲ್ಕಡಿ ಎತ್ತರ. ಬೆಳಗಿನ ಬೆಳಕು ನೇರವಾಗಿ ಒಳಗೆ ಬರುತ್ತದೆ. ಕಿಟಕಿಯ ಕಟ್ಟೆ ಅಗಲವಾಗಿದೆ, ಮೊಣಕೈ ಊರಿ ನಿಂತರೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಎದುರಿನ ಗಲ್ಲಿ ಶುಚಿಯಾಗಿದೆ. ಒಂದು ಮರ ಇದೆ. ನಲವತ್ತು ವರ್ಷ ಊರಿನವರ ಕಿಟಕಿಗಳಿಗೆಲ್ಲ ಪರದೆ ಹೊಲಿದಿದ್ದೇನೆ, ಇಂಥ ಕಿಟಕಿ ನೋಡಿಲ್ಲ.

ದೋಷ ಬರೆಯಲೇಬೇಕೆಂದರೆ: ಬಚ್ಚಲಿನ ಬಾಗಿಲು ಕಿರ್ರೆನ್ನುತ್ತದೆ. ದಲ್ಲಾಳಿಯ ಬಾಯಿ ಮುಚ್ಚುವುದಿಲ್ಲ. "ಏನಮ್ಮ, ಮನೆ ಕೊಳ್ತೀರೋ, ಅಳೀತಾನೇ ಇರ್ತೀರೋ?" ಎಂದು ಕೇಳಿದ. "ಬಟ್ಟೆ ಕತ್ತರಿಸೋಕೆ ಮುಂಚೆ ನಾಲ್ಕು ಸಲ ಅಳೀತೀನಿ, ಮನೆ ಏನು ಸುಮ್ನೇನಾ?" ಎಂದೆ. ಈಗ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟುಬಿಡುತ್ತಾನೆ.

ಎರಡು ಕೋಣೆಗೂ ಮೂರು ಕೋಣೆಗೂ ಇರುವ ವ್ಯತ್ಯಾಸ ಹೇಳಲು ಇಂಜಿನಿಯರಿಂಗ್ ಬೇಕಿಲ್ಲ.

ನಿನ್ನ ಮಾಜಿ ಅತ್ತೆ


ಮಾರ್ಚ್ 2

ಅತ್ತೆ,

ಮೂರು ಕೋಣೆ ಎಂದು ಓದಿದಾಗ ನಿಜವಾಗಿಯೂ ಸೋತೆ ಎಂದುಕೊಂಡೆ. ಆಮೇಲೆ ನೀವು ಜೊತೆಗಿಟ್ಟ ಮನೆಯ ನಕಾಶೆ ನೋಡಿದೆ. ಈಗ ನನಗೆ ನಿದ್ದೆಯಿಲ್ಲ.

ನಕಾಶೆಯ ಪ್ರಕಾರ ಮನೆಯ ಹೊರಗಿನ ಉದ್ದ 34 ಅಡಿ 6 ಇಂಚು. ಹಜಾರ, ನಡುಕೋಣೆ, ಅಡುಗೆಮನೆಗೆ ನೀವು ಬರೆದ ಅಳತೆಗಳನ್ನು ಸೇರಿಸಿದೆ, 33 ಅಡಿ 3 ಇಂಚು. ನಾಲ್ಕು ಗೋಡೆಗಳ ದಪ್ಪ ಎರಡೂಕಾಲು ಅಡಿ. ಒಟ್ಟು 35 ಅಡಿ 6 ಇಂಚು. ಅಂದರೆ ನಿಮ್ಮ ಮನೆಯ ಒಳಗು ಅದರ ಹೊರಗಿಗಿಂತ ಒಂದು ಅಡಿ ಉದ್ದವಾಗಿದೆ. ಇಂಥ ಮನೆ ಎರಡೂ ಊರಿನಲ್ಲಿ ಇದೊಂದೇ ಇರಬೇಕು. ಅದೇ ದುಡ್ಡಿಗೆ ಸಿಗುತ್ತಿದ್ದರೆ ಖಂಡಿತ ಅಗ್ಗ.

ತಮಾಷೆಯಲ್ಲ, ನನಗೆ ತಿಳಿಯಲೇಬೇಕು. ನಕಾಶೆ ತಪ್ಪೋ, ಟೇಪು ತಪ್ಪೋ, ಗೋಡೆ ತೆಳುವೋ? ಗೋಡೆ ತೆಳುವಾಗಿದ್ದರೆ ಮನೆ ಬೇಡ.

ಇನ್ನೊಂದು ವಿಷಯ. ನಿಮ್ಮೂರಿನಲ್ಲಿ ಕೊಂಡರೆ ನನಗೆ ದಿನವೂ ಬಸ್ಸಿನಲ್ಲಿ ಹೋಗಲು ನಲವತ್ತು ನಿಮಿಷ, ಬರಲು ನಲವತ್ತು. ವರ್ಷಕ್ಕೆ ಮುನ್ನೂರು ದಿನ ಎಂದಿಟ್ಟುಕೊಳ್ಳಿ. ಆ ಮೂರನೆಯ ಕೋಣೆಯಲ್ಲಿ ಕೂರಬೇಕಾದ ಹೊತ್ತನ್ನೆಲ್ಲ ನಾನು ಸೇತುವೆಯ ಮೇಲೆ ಕಳೆದಿರುತ್ತೇನೆ. ಇದನ್ನೂ ತಕ್ಕಡಿಗೆ ಹಾಕಿ.

ಮನೆ ಇಬ್ಬರ ಹೆಸರಿಗೂ ಆಗಬೇಕಾದರೆ ಬ್ಯಾಂಕಿನವರದೊಂದು ಫಾರಂ ತುಂಬಬೇಕಂತೆ. ಒಂದು ಪ್ರತಿ ನಿಮಗೂ ಕಳಿಸಿದ್ದೇನೆ. ಎಲ್ಲ ಸಲೀಸು. ಒಂದು ಕಡೆ ಮಾತ್ರ ಪೆನ್ನು ನಿಂತಿತು: "ಅರ್ಜಿದಾರರ ನಡುವಿನ ಸಂಬಂಧ". ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಒಡಹುಟ್ಟಿದವರು ಎಂದು ಅಚ್ಚು ಹಾಕಿದ್ದಾರೆ. ಕೊನೆಯಲ್ಲಿ "ಇತರೆ" ಎಂದು ಒಂದು ಗೀಟು. ನಿಮ್ಮನ್ನು "ಇತರೆ" ಎಂದು ಬರೆಯಲು ಮನಸ್ಸಾಗಲಿಲ್ಲ. ಖಾಲಿ ಬಿಟ್ಟಿದ್ದೇನೆ.

ಲಿಫ್ಟಮ್ಮ


ಮಾರ್ಚ್ 9

ಲಿಫ್ಟಮ್ಮ,

ನನ್ನ ಟೇಪಿನ ಮೇಲೆ ಅನುಮಾನ ಪಟ್ಟವಳು ನೀನೇ ಮೊದಲು. ನಲವತ್ತು ವರ್ಷದಲ್ಲಿ ನಾನು ಹೊಲಿದ ಒಂದೇ ಒಂದು ಪರದೆ ಗಿಡ್ಡವಾಯಿತು ಎಂದು ವಾಪಸ್ ಬಂದಿಲ್ಲ. ನಕಾಶೆ ಬರೆದವನು ನಿದ್ದೆಗಣ್ಣಿನಲ್ಲಿ ಬರೆದಿರಬೇಕು.

ನಿನಗೋಸ್ಕರ ಮತ್ತೆ ಹೋಗಿ ಅಳೆದೆ, ಇದು ಏಳನೆಯ ಸಲ. ಅದೇ ಲೆಕ್ಕ ಬಂತು. ಗೋಡೆಗೆ ಗುದ್ದಿದೆ, ಕೈ ನೋಯಿತು, ಗೋಡೆ ದಪ್ಪವೇ ಇದೆ. ಬೆಳಿಗ್ಗೆ ಎಂಟೂ ನಲವತ್ತಕ್ಕೆ ಆ ಕಿಟಕಿಯಲ್ಲಿ ನಿಂತು ನೋಡಬೇಕು ನೀನು. ಬೆಳಕು ಎಷ್ಟು ಚೆನ್ನಾಗಿರುತ್ತದೆ ಎಂದರೆ ಹೇಳಲು ಬರುವುದಿಲ್ಲ.

ಬಸ್ಸಿನ ಲೆಕ್ಕ ನೋಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಅದೂ ಒಂದು ಕೋಣೆಯೇ.

ಫಾರಂ ಇರಲಿ, ಆಮೇಲೆ ನೋಡೋಣ. ದಲ್ಲಾಳಿ ಅವಸರ ಮಾಡುತ್ತಿದ್ದಾನೆ. ಈ ಮನೆಗೆ ಹೂಂ ಎಂದುಬಿಡು.

ಮಾಜಿ


ಮಾರ್ಚ್ 24

ಅತ್ತೆ,

ನಿಮಗೆ ಹೇಳದೆ ಸೋಮವಾರ ಅರ್ಧ ದಿನ ರಜೆ ಹಾಕಿ ನಿಮ್ಮೂರಿಗೆ ಬಂದಿದ್ದೆ. ಕಳೆದುಹೋದ ಆ ಒಂದು ಅಡಿ ನನ್ನ ತಲೆ ತಿನ್ನುತ್ತಿತ್ತು. ಮೊದಲು ನಿಮ್ಮ ಮುಖ ನೋಡಿದರೆ ಆಮೇಲೆ ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೇನೆ ಎಂದು ನೇರವಾಗಿ ದಲ್ಲಾಳಿಯ ಹತ್ತಿರ ಹೋದೆ.

ಹಜಾರ 14 ಅಡಿ. ನಡುಕೋಣೆ 10 ಅಡಿ 6 ಇಂಚು. ಅಡುಗೆಮನೆ 7 ಅಡಿ 9 ಇಂಚು. ಪ್ರತಿಯೊಂದಕ್ಕೂ ಸರಿಯಾಗಿ ನಾಲ್ಕು ಇಂಚು ಕಡಿಮೆ. ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ. ದಲ್ಲಾಳಿ ಹೆದರಿದ. ಅತ್ತೆ, ನೀವು ಮನೆಗೆ ಪರದೆಯ ಅಳತೆ ತೆಗೆದಿದ್ದೀರಿ! ಕೆಳಗೆ ಮಡಿಸಲು ಎಂದು ಬಟ್ಟೆಗೆ ಸೇರಿಸುವ ನಾಲ್ಕು ಇಂಚನ್ನು ಗೋಡೆಗೂ ಸೇರಿಸಿದ್ದೀರಿ. ನಿಮಗೇ ತಿಳಿಯದೆ, ಏಳು ಸಲವೂ.

ಆ ಖುಷಿಯಲ್ಲೇ ಅಡುಗೆಮನೆಯ ಕಿಟಕಿಗೂ ಟೇಪು ಹಿಡಿದೆ. ಅದು 3 ಅಡಿ, 4 ಅಡಿ. ನೀವು ಬರೆದಷ್ಟೇ. ಒಂದು ನೂಲೂ ಹೆಚ್ಚಿಲ್ಲ.

ಗೋಡೆಗೂ ಮಡಿಕೆ ಬಿಟ್ಟವರು ಈ ಕಿಟಕಿಗೆ ಯಾಕೆ ಬಿಡಲಿಲ್ಲ? ಎಷ್ಟು ಯೋಚಿಸಿದರೂ ಒಂದೇ ಉತ್ತರ ಬಂತು. ಇದಕ್ಕೆ ಪರದೆ ಹಾಕುವ ಯೋಚನೆಯೇ ನಿಮಗಿಲ್ಲ. ಏನು ಕಾಣುತ್ತದೆ ಎಂದು ಹೊರಗೆ ನೋಡಿದೆ. ಎಂಟೂ ನಲವತ್ತು ಆಗಿತ್ತು.

ಎದುರಿಗೆ ಮಕ್ಕಳ ಶಾಲೆಯ ಗೇಟು. ಅದನ್ನು ಮಾತ್ರ ನೀವು ಬರೆದಿರಲಿಲ್ಲ. ನಿಮ್ಮ ಮಗ ನಾಲ್ಕು ವರ್ಷದ ಹುಡುಗಿಯ ಕೈ ಹಿಡಿದುಕೊಂಡು ಬಂದರು. ಅವಳು ನಿಮ್ಮ ಹಾಗೆಯೇ ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಾಳೆ.

ಆರು ವರ್ಷದಿಂದ ಅವರ ಸುದ್ದಿಯನ್ನು ನೀವು ನನ್ನ ಮುಂದೆ ಎತ್ತಿಲ್ಲ. ನೀವು ಅಲ್ಲಿಗೆ ಹೋಗಿ ಬರುತ್ತಿರುತ್ತೀರಿ, ನನಗೆ ನೋವಾಗಬಾರದು ಎಂದು ಹೇಳುತ್ತಿಲ್ಲ ಅಷ್ಟೇ ಎಂದುಕೊಂಡಿದ್ದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಬ್ಬರೂ ಸೇರಿ ಇರುವ ಮನೆಯನ್ನು ಹುಡುಕುತ್ತಿದ್ದೇವೆ ಎಂದು ನಂಬಿದ್ದೆ. ನೀವು ಹುಡುಕಿದ್ದು ಮನೆಯನ್ನಲ್ಲ, ಕಿಟಕಿಯನ್ನು. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡಲು ಆ ಮೆಟ್ಟಿಲು ಇಳಿದರೆ ಎದುರಿಗೆ ಯಾರು ಸಿಗುತ್ತಾರೆ ಎಂದು ಒಂದು ಸಲವಾದರೂ ಯೋಚಿಸಿದಿರಾ?

ನಿಮ್ಮ ಮನೆಗೆ ಬರದೆ ವಾಪಸ್ ಬಸ್ ಹತ್ತಿದೆ. ಬರಬೇಕು ಎನಿಸಲಿಲ್ಲ.


ಏಪ್ರಿಲ್ 14

ಲಿಫ್ಟಮ್ಮ,

ನಿನ್ನ ಕಾಗದ ಬಂದು ಮೂರು ವಾರವಾಗುತ್ತ ಬಂತು. ಐದು ಸಲ ಬರೆಯಲು ಕೂತು ಎದ್ದೆ.

ನೀನು ಒಂದು ವಿಷಯ ತಪ್ಪು ತಿಳಿದಿದ್ದೀಯ, ಅದನ್ನಷ್ಟೇ ಸರಿಮಾಡುತ್ತೇನೆ. ನಾನು ಮಗನ ಮನೆಗೆ ಹೋಗಿಬರುತ್ತಿಲ್ಲ. ಅವನು ನಿನ್ನನ್ನು ಬಿಟ್ಟ ದಿನ, "ನಿನ್ನ ಹೊಸಿಲು ನಾನು ತುಳಿಯೋಲ್ಲ" ಎಂದು ಹೇಳಿ ಬಂದೆ. ತುಳಿದಿಲ್ಲ. ಮಗು ಹುಟ್ಟಿದಾಗಲೂ ಹೋಗಲಿಲ್ಲ. ಆ ಮಗುವಿನ ದನಿ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಗಾಜಿನಾಚೆಯಿಂದ ನೋಡಿದ್ದೇನೆ, ಕೇಳಿಲ್ಲ.

ಕಿಟಕಿಯ ಮನೆ ನೋಡಲು ಮೊದಲ ದಿನ ಹೋದಾಗ ಗೇಟು ಎದುರಿಗಿದೆ ಎಂದು ಗೊತ್ತಿರಲಿಲ್ಲ. ನೋಡಿದ ಮೇಲೆ ಗೊತ್ತಿದ್ದೂ ಬರೆಯಲಿಲ್ಲ. ಮುಚ್ಚಿಡುವಂತಿಲ್ಲ ಎಂದವಳು ನಾನೇ.

ಮಡಿಕೆಯ ವಿಷಯ ನಿಜ. ನಿನ್ನೆ ನನ್ನ ಮೇಜನ್ನು ಅಳೆದು ನೋಡಿಕೊಂಡೆ, ಅದಕ್ಕೂ ನಾಲ್ಕು ಇಂಚು ಸೇರಿಸಿದ್ದೆ.


ಏಪ್ರಿಲ್ 21

ಅತ್ತೆ,

ನಿಮ್ಮ ಕಾಗದವನ್ನು ಲಿಫ್ಟಿನ ತಳದ ಹಳ್ಳದಲ್ಲಿ ನಿಂತು, ಹೆಲ್ಮೆಟ್ಟಿನ ದೀಪದಲ್ಲಿ ಓದಿದೆ. ಮೇಲಿನಿಂದ ನನ್ನ ಜೊತೆಯವನು, "ಏನಾಯ್ತು ಮೇಡಂ, ಸದ್ದೇ ಇಲ್ಲ?" ಎಂದು ಕೂಗಿದ. ಗ್ರೀಸು ಕಣ್ಣಿಗೆ ಹೋಯಿತು ಎಂದೆ.

ನನ್ನ ಪರವಾಗಿ ನಿಂತದ್ದಕ್ಕೆ ನೀವು ಮೊಮ್ಮಗಳನ್ನು ಕಿಟಕಿಯಿಂದ ನೋಡಬೇಕೇ? ನಾನು ಕೇಳಿದ್ದೆನೇ ಅತ್ತೆ? ಆರು ವರ್ಷ ನನಗೊಂದು ಮಾತು ಹೇಳದೆ ಇಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನನ್ನ ಮುಂದೆ ಬಚ್ಚಲಿನ ಬಾಗಿಲಿನ ದೂರು ಹೇಳುತ್ತೀರಿ. ನನಗೆ ನಿಮ್ಮ ಮೇಲೆ ಮೊದಲಿಗಿಂತ ಈಗ ಹೆಚ್ಚು ಸಿಟ್ಟು ಬಂದಿದೆ. ಅಷ್ಟೇ ನಾಚಿಕೆಯೂ ಆಗಿದೆ, ಯಾಕೆಂದರೆ ನನ್ನ ಕಡೆಯಲ್ಲೂ ಒಂದು ನಾಲ್ಕು ಇಂಚು ಇದೆ.

ದಿನಕ್ಕೆ ಎಂಬತ್ತು ನಿಮಿಷ ಬಸ್ಸು ಎಂದು ಬರೆದಿದ್ದೆನಲ್ಲ, ಅದು ಸುಳ್ಳು ಲೆಕ್ಕ. ಜನವರಿಯಲ್ಲೇ ಕಂಪನಿಯವರು ಕರೆದು, ನಿಮ್ಮೂರಿನಲ್ಲಿರುವ ನಮ್ಮ ಡಿಪೋಗೆ ಹೋಗುತ್ತೀರಾ, ಸಂಬಳವೂ ಸ್ವಲ್ಪ ಹೆಚ್ಚು ಎಂದು ಕೇಳಿದ್ದರು. ಆಗೋಲ್ಲ ಎಂದೆ. ನಿಮ್ಮ ಮಗ ಇರುವ ಊರಿನಲ್ಲಿ ಯಾವ ಲಿಫ್ಟಿನ ಬಾಗಿಲು ತೆರೆದರೂ ಒಳಗೆ ಅವರೇ ನಿಂತಿರುತ್ತಾರೇನೋ ಎಂಬ ಹೆದರಿಕೆ. ನಗಬೇಡಿ. ಅದನ್ನು ನಿಮಗೆ ಹೇಳದೆ ಬಸ್ಸಿನ ಮೇಲೆ ಹಾಕಿದೆ. ಹಾಗಾಗಿ ಎರಡು ಊರುಗಳನ್ನು ನಾವು ಹೋಲಿಸಿಯೇ ಇಲ್ಲ. ನೀವು ನಿಮ್ಮೂರನ್ನು ಉದ್ದ ಮಾಡಿದಿರಿ, ನಾನು ಅದನ್ನು ದೂರ ಮಾಡಿದೆ.

ಈಗ ನೇರವಾಗಿ ಹೇಳುತ್ತೇನೆ. ಆ ಸೋಮವಾರ ಅವರನ್ನು ನೋಡಿದೆ, ನಾನು ಸಾಯಲಿಲ್ಲ. ತಲೆಗೂದಲು ಕಡಿಮೆಯಾಗಿದೆ. ಆ ಕೆಲಸ ಇನ್ನೂ ಖಾಲಿಯಿದೆಯಂತೆ, ವಿಚಾರಿಸಿದೆ. ಕಿಟಕಿಯ ಮನೆಯೇ ಬೇಕೆಂದರೆ ತೆಗೆದುಕೊಳ್ಳಿ, ನಾನು ಬರುತ್ತೇನೆ. ಆದರೆ ಒಂದು ಷರತ್ತು. ಮೊದಲು ಬಾಗಿಲಿನಿಂದ ಹೋಗಿ. ನನಗೆ ಕೊಟ್ಟ ಮಾತೇನೂ ಅಲ್ಲ ಅದು, ಮುರಿದರೆ ನನಗೆ ನೋವಾಗುವುದಿಲ್ಲ. ಮುರಿಯದಿದ್ದರೆ ಆಗುತ್ತದೆ.

ಗಡುವಿಗೆ ನಲವತ್ತು ದಿನ ಉಳಿದಿದೆ.

ನಿಮ್ಮ ಸೊಸೆ


ಮೇ 12

ಸೊಸೆಯೇ,

ಇಪ್ಪತ್ತೊಂದು ದಿನ ಉತ್ತರವಿಲ್ಲ ಎಂದು ನೀನು ಉಗುರು ಕಚ್ಚುತ್ತಿರುತ್ತೀಯ. ಕಚ್ಚು. ನಾನು ಓಡಾಟದಲ್ಲಿದ್ದೆ. ಮೊದಲಿನಿಂದ ಹೇಳುತ್ತೇನೆ, ಅವಸರ ಮಾಡಬೇಡ.

ನಿನ್ನ ಕಾಗದ ಬಂದ ಮೇಲೆ ಎರಡು ವಾರ ಸುಮ್ಮನೆ ಕೂತೆ. ಮೊಂಡುತನ ಬಿಡುವುದಕ್ಕೂ ಹೊತ್ತು ಬೇಕು. ಕಳೆದ ಬುಧವಾರ ಸಂಜೆ ಮಗನ ಮನೆಗೆ ಹೋದೆ. ಹೊಸಿಲಿನ ಹತ್ತಿರ ಕಾಲು ನಿಂತುಬಿಟ್ಟಿತು. ಬಾಗಿಲು ತೆರೆದವನು ಅವನೇ. ನಾನು ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ಶಾಲೆ ಎದುರಿನ ಮನೆ ಕಿಟಕೀಲಿ ನಿಂತು ನೋಡ್ತಿದ್ದೆ ಕಣೋ" ಎಂದುಬಿಟ್ಟೆ. "ಬಾಗಿಲಿಂದಾನೇ ಬರ್ಬೋದಿತ್ತಲ್ಲಮ್ಮ" ಎಂದ. ಅವನ ಹೆಂಡತಿ ಕುರ್ಚಿ ಎಳೆದು ಕೊಟ್ಟಳು. ಕೆಟ್ಟವಳೇನಲ್ಲ, ಆದರೆ ಅವರ ಮನೆಯ ಪರದೆಗಳನ್ನು ನೋಡಲಾರೆ.

ಮಗು ಒಳಗಿನಿಂದ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿತು. "ನಾನು ನಿನ್ನ ಅಜ್ಜಿ" ಎಂದೆ. "ಯಾವ ಅಜ್ಜಿ? ಕಿಟಕೀಲಿ ನಿಂತಿರ್ತೀರಲ್ಲ, ಆ ಅಜ್ಜಿನಾ? ನಾನು ದಿನಾ ಟಾಟಾ ಮಾಡ್ತಿದ್ದೆ, ನೀವು ಮಾಡ್ಲೇ ಇಲ್ಲ" ಎಂದಿತು. ನಾನೊಬ್ಬಳೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ ಕಣೇ. ದನಿ ಸ್ವಲ್ಪ ಗೊಗ್ಗರು. ಅಲ್ಲೇ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇನ್ನು ಪ್ರತಿ ಬುಧವಾರ ಹೋಗುತ್ತೇನೆ ಎಂದು ಮಾತಾಗಿದೆ.

ಮಾರನೆಯ ದಿನ ಬೀಗದ ಕೈ ವಾಪಸ್ ಕೊಡುವ ಮುಂಚೆ ಕಿಟಕಿಯ ಮನೆಗೆ ಇನ್ನೊಂದು ಸಲ ಹೋದೆ. ಈ ಸಲ ಮಡಿಕೆ ಬಿಡದೆ, ಪ್ರತಿ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಿಕೊಂಡು ಅಳೆದೆ. ನೀನು ಹೇಳಿದಷ್ಟೇ ಬಂತು. ಬಚ್ಚಲಿನ ಗೋಡೆಯಲ್ಲಿ ತೇವ ಇದೆ, ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೂರನೆಯ ಕೋಣೆಗೆ ಕಿಟಕಿಯೇ ಇಲ್ಲ, ಅದೂ ಬಿದ್ದಿರಲಿಲ್ಲ. ಕೊನೆಗೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತೆ. ಒಳ್ಳೆಯ ಕಿಟಕಿ, ಅಷ್ಟೇ. ಬಾಗಿಲು ತೆರೆದ ಮೇಲೆ ಅದರ ಬೆಲೆ ಒಂದೇ ದಿನದಲ್ಲಿ ಬಿದ್ದುಹೋಗಿತ್ತು.

ಆಮೇಲೆ ನಿನಗೆ ಹೇಳದೆ ನಿಮ್ಮೂರಿನ ಬಸ್ ಹತ್ತಿದೆ. ನೀನು ಹೇಳದೆ ಬಂದಿದ್ದೆ, ನಾನೂ ಹೇಳದೆ ಬಂದೆ, ಲೆಕ್ಕ ಚುಕ್ತಾ. ಗಡಿಯಾರ ನೋಡಿಕೊಂಡಿದ್ದೆ, ಮೂವತ್ತೆಂಟು ನಿಮಿಷ. ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಎರಡು ಬೆರಳು ಮೇಲೆ ನಿಂತಿತು, ಎಡವಿ ಮಾರುವ ಹೆಂಗಸಿನ ಕೈಗೇ ಬಿದ್ದೆ. ಅರ್ಧ ಗಂಟೆಯ ಕೆಲಸ ಎಂದು ಫೆಬ್ರವರಿಯಲ್ಲಿ ಬರೆದಿದ್ದೀಯ. ಮೇ ಬಂತು.

ಮನೆ ಚಿಕ್ಕದು, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಕಾಗದದಲ್ಲಿ ಓದಿದ್ದಕ್ಕಿಂತ ದೊಡ್ಡದು, ಯಾಕೆಂದರೆ ನೀನು ಒಂದು ಇಂಚನ್ನೂ ಸಡಿಲ ಬಿಟ್ಟು ಬರೆಯುವವಳಲ್ಲ. ಒಳಕೋಣೆಯ ಬಲಮೂಲೆಯಲ್ಲಿ ಬೆಳಕು ನೀನು ಹೇಳಿದಂತೆಯೇ ಎಡಗಡೆಯಿಂದ ಬೀಳುತ್ತದೆ. ನನ್ನ ಮಷೀನಿನ ಜಾಗವನ್ನು ಮೊದಲ ಕಾಗದದಲ್ಲೇ ಹುಡುಕಿಟ್ಟಿದ್ದೆ ನೀನು. ನಾನು ನಿನ್ನ ಸ್ಪ್ಯಾನರುಗಳಿಗೆ ಕಿಟಕಿಯಿಲ್ಲದ ಕೋಣೆ ತೋರಿಸಿದ್ದೆ.

ಅಡುಗೆಮನೆಯ ಕಿಟಕಿ ತೆರೆದೆ. ಬಸ್ ನಿಲ್ದಾಣವನ್ನು ನೀನು ದೋಷದ ಪಟ್ಟಿಗೆ ಹಾಕಿದ್ದೀಯ. ನಾನು ಅಲ್ಲಿ ನಿಂತಿದ್ದ ಹೊತ್ತಿನಲ್ಲೇ ಸೇತುವೆಯಾಚೆಯಿಂದ ಎರಡು ಬಸ್ಸು ಬಂದವು, ಎರಡು ಹೋದವು. ಬುಧವಾರ ನಾನು ಹತ್ತುವುದು ಇಲ್ಲಿಂದ. ಮುಂದೊಂದು ದಿನ ಆ ಮಗು ಇಳಿಯುವುದೂ ಇಲ್ಲೇ ಇರಬಹುದು, ನಿನ್ನ ಒಪ್ಪಿಗೆ ಇದ್ದರೆ ಮಾತ್ರ. ಮೇಲಿನವರು ಕುರ್ಚಿ ಎಳೆದರು. ಕೇಳಿಸಿತು. ಒಗ್ಗುತ್ತದೆ.

ಅಲ್ಲಿಂದ ನೇರ ಬ್ಯಾಂಕಿಗೆ. ಗುಮಾಸ್ತ ಹುಬ್ಬು ಗಂಟಿಕ್ಕಿ ನಾನು ತುಂಬಿದ ಫಾರಂ ಓದಿದ. "ಸಂಬಂಧ ಅನ್ನೋ ಕಡೆ ಅತ್ತೆ ಅಂತ ಬರ್ದಿದೀರಿ. ಯಾವ ಅತ್ತೆ? ಅವ್ರ ಗಂಡನ ತಾಯಿನಾ, ಅಪ್ಪನ ತಂಗಿನಾ?"

"ಅವಳಿಗೆ ಈಗ ಗಂಡ ಇಲ್ಲ. ಅವಳಪ್ಪನಿಗೆ ತಂಗೀನೂ ಇಲ್ಲ."

"ಮತ್ತೆ ಹೇಗಮ್ಮ ಅತ್ತೆ ಆಗ್ತೀರಿ?"

"ಅವಳು ಹಾಗಂತ ಕರೀತಾಳೆ, ಅದಕ್ಕೆ."

"ಹಾಗೆಲ್ಲ ಆಗೋಲ್ಲ. ಏನಾದ್ರೂ ದಾಖಲೆ ಬೇಕು" ಎಂದ.

ಕೈಚೀಲದಲ್ಲಿ ನಿನ್ನ ಕಾಗದಗಳ ಕಟ್ಟಿತ್ತು. ಅಳತೆಗಳನ್ನು ತಾಳೆ ನೋಡಲು ತಂದಿದ್ದೆ. ಬಿಚ್ಚಿ ಒಂದೊಂದಾಗಿ ಅವನ ಮೇಜಿನ ಮೇಲೆ ಇಟ್ಟೆ. ಎಲ್ಲದರ ಮೊದಲ ಸಾಲಿನಲ್ಲೂ ಒಂದೇ ಪದ ಇದೆ. ನೀನು ಸಿಟ್ಟಿನಲ್ಲಿ ಹೆಸರು ಹಾಕದೆ ಕಳಿಸಿದ ಕಾಗದದಲ್ಲೂ, ಮೇಲೆ ಆ ಪದ ಹಾಗೇ ಇದೆ. ಅದನ್ನು ಬರೆಯುವುದು ಬಿಟ್ಟಿರಲಿಲ್ಲ ನೀನು. ಆ ದಿನ ನಾನದನ್ನು ಗಮನಿಸಿರಲಿಲ್ಲ, ಬ್ಯಾಂಕಿನಲ್ಲಿ ಗಮನಿಸಿದೆ.

ಅವನು ನಾಲ್ಕೂ ಕಾಗದಗಳ ಮೊದಲ ಸಾಲು ಓದಿದ. ಒಳಗೆ ಹೋಗಿ ಅವನ ಮೇಲಿನವರನ್ನು ಕೇಳಿ ಬಂದ. "ಇತರೆ" ಎಂಬ ಮುದ್ರಿತ ಪದವನ್ನು ಅಡ್ಡಗೆರೆ ಎಳೆದು ಹೊಡೆದು, ನಾನು ಬರೆದದ್ದರ ಪಕ್ಕ ಸಣ್ಣ ಸಹಿ ಹಾಕಿದ. "ಅವ್ರ ಕಡೆಯ ಅಂಕಣ ಖಾಲಿ ಇದೆ. ಅದನ್ನ ಅವ್ರೇ ಬಂದು, ಅವ್ರ ಕೈಯಿಂದ್ಲೇ ಬರೀಬೇಕು" ಎಂದ.

ಮಾರುವ ಹೆಂಗಸಿಗೆ ಮುಂಗಡ ಕೊಟ್ಟಾಗಿದೆ. ನಿನ್ನ ಮನೆಗೆ ಬರದೆ ವಾಪಸ್ ಬಸ್ ಹತ್ತಿದೆ, ಆ ಲೆಕ್ಕವೂ ಚುಕ್ತಾ. ನಮ್ಮೂರಿನ ಡಿಪೋಗೆ ಹೋಗುವ ಯೋಚನೆ ಬಿಡು. ನಮ್ಮೂರು ಎಂದರೆ ಯಾವುದು ಎಂದು ಇನ್ನು ಮೇಲೆ ನಾನೂ ಸ್ವಲ್ಪ ಯೋಚಿಸಿ ಬರೆಯಬೇಕು.

ಸೋಮವಾರ ಹತ್ತೂವರೆಗೆ ಬ್ಯಾಂಕಿಗೆ ಬಾ. ಪೆನ್ನು ನೀನೇ ತಾ, ಅಲ್ಲಿ ದಾರ ಕಟ್ಟಿಟ್ಟಿರುವ ಪೆನ್ನು ಬರೆಯುವುದಿಲ್ಲ.

ನಿನ್ನ ಹಾಲಿ ಅತ್ತೆ